ಹೊಟ್ಟೆಯ ನೋವಿಗೆ ಮಾತಿನ ಆರೈಕೆ: ಹೊಸಪೇಟೆಯಿಂದ ಕಂಪ್ಲಿವರೆಗೆ

ಹೊಸಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ಬೆಳಿಗ್ಗೆ ಚೀಟಿ ಮಾಡಿಸುವ ಸಾಲು ಬಾಗಿಲು ದಾಟಿ ಅಂಗಳಕ್ಕೆ ಬಂದಿರುತ್ತದೆ. ಜ್ವರದ ಮಕ್ಕಳನ್ನು ಹೆಗಲಿಗೇರಿಸಿಕೊಂಡ ತಾಯಂದಿರು, ಕಬ್ಬು ಕಡಿಯುವಾಗ ಮಚ್ಚು ತಾಗಿದ ಕೈಗೆ ಬಟ್ಟೆ ಸುತ್ತಿಕೊಂಡವರು, ಸಕ್ಕರೆ ಕಾಯಿಲೆಯ ಮಾತ್ರೆಗೆ ಬಂದ ಹಿರಿಯರು. ಇವರ ನಡುವೆ ಮೇದೋಜೀರಕ ಗ್ರಂಥಿಯ ನೋವಿನವರನ್ನು ಅವರು ಕೂತ ಬಗೆಯಿಂದಲೇ ಗುರುತಿಸಬಹುದು. ಅವರು ಬೆನ್ನು ನೆಟ್ಟಗೆ ಮಾಡುವುದಿಲ್ಲ. ಮೊಣಕಾಲಿನತ್ತ ಬಾಗಿ, ಎರಡೂ ಕೈಯಿಂದ ಎದೆಗುಂಡಿಗೆಯ ಕೆಳಗೆ ಹೊಟ್ಟೆಯನ್ನು ಒತ್ತಿ ಹಿಡಿದಿರುತ್ತಾರೆ. ಮುಂದಕ್ಕೆ ಬಾಗಿದರೆ ಈ ನೋವು ತುಸು ಇಳಿಯುತ್ತದೆ, ಅಂಗಾತ ಮಲಗಿದರೆ ಏರುತ್ತದೆ. ರಾತ್ರಿ ಮಂಚದ ಮೇಲೆ ಕೂತೇ ಬೆಳಗು ಮಾಡುವವರು ಇವರು.

ಹಾಗೆ ಬಾಗಿ ಕೂತಿದ್ದ ಮರಿಯಮ್ಮನಹಳ್ಳಿ ಕಡೆಯ ಯುವಕನ ಪಕ್ಕದಲ್ಲಿ ನನಗೆ ಜಾಗ ಸಿಕ್ಕಿತು. ತೊಡೆಯ ಮೇಲೆ ಬಟ್ಟೆ ಅಂಗಡಿಯ ಕೈಚೀಲ. ಅದರ ತುಂಬ ಸ್ಕ್ಯಾನಿಂಗ್ ವರದಿಗಳು, ರಕ್ತಪರೀಕ್ಷೆಯ ಹಾಳೆಗಳು, ಮೂರು ಊರುಗಳ ಡಿಸ್ಚಾರ್ಜ್ ಚೀಟಿಗಳು. "ಇಪ್ಪತ್ತು ತುಂಬೋದ್ರೊಳಗೇ ಶುರುವಾತು ಸಾರ್. ಹೊಟ್ಟೇಲಿ ಎದ್ದು ಸೀದಾ ಬೆನ್ನಿಗೆ ಹೋಗಿ ನಿಲ್ತೈತೆ. ಹೋದಲ್ಲೆಲ್ಲ ಮೊದಲು ಕೇಳೋದು, ಎಷ್ಟು ಕುಡಿತೀಯಪ್ಪ ಅಂತ. ನಮ್ಮನ್ಯಾಗೆ ಯಾರೂ ಮುಟ್ಟಿದವರಲ್ಲ. ಆಪರೇಷನ್ ಆತು, ಕಲ್ಲು ತೆಗೆದ್ರು. ಆಮ್ಯಾಲೂ ನೋವೈತೆ ಅಂದ್ರೆ, ರಿಪೋರ್ಟ್ ಚೆನ್ನಾಗೈತೆ, ನಿನ್ನ ಮನಸ್ಸಿನಾಗೇ ಐತೆ ಅಂದ್ಬಿಟ್ರು." ಕೊನೆಯ ಮಾತು ಹೇಳುವಾಗ ಅವರ ದನಿ ಇಳಿಯಿತು. ನೋವಿಗಿಂತ ಆ ಮಾತೇ ಅವರಿಗೆ ಹೆಚ್ಚು ತಾಗಿತ್ತು.

ಕುಡುಕ ಎಂಬ ಅನುಮಾನ, ಸೋಗು ಹಾಕುತ್ತಿದ್ದಾನೆ ಎಂಬ ಅನುಮಾನ, ಎರಡನ್ನೂ ಹೊತ್ತು ಬದುಕುವವರಿಗೆ ಮನಸ್ಸಿನ ಚಿಕಿತ್ಸೆಯ ಮಾತು ಎತ್ತುವುದೇ ಸೂಕ್ಷ್ಮದ ಕೆಲಸ. ಆದರೂ ಎತ್ತಲೇಬೇಕು. ದೀರ್ಘಕಾಲದ ನೋವಿನೊಂದಿಗೆ ಬಾಳುವ ಕ್ರಮವನ್ನು ಕಲಿಸುವ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಸಿಬಿಟಿ, ಈ ಯುವಕನಂಥವರಿಗೆ ನಿಜವಾಗಿ ನೆರವಾಗಬಲ್ಲದು. ಅದನ್ನು ತಾಲ್ಲೂಕು ಮಟ್ಟದಲ್ಲಿ ತಲುಪಿಸುವ ಹಕ್ಕುಳ್ಳ ನೆಲ ಭಾರತದಲ್ಲಿ ಯಾವುದಾದರೂ ಇದ್ದರೆ ಅದು ಈ ಸೀಮೆಯೇ. ಅದೇಕೆ ಎಂದು ಮುಂದೆ ಹೇಳುತ್ತೇನೆ. ಮೊದಲು ಕಾಯಿಲೆಯ ಬಗ್ಗೆ ನಾಲ್ಕು ಮಾತು.

ಮೇದೋಜೀರಕ ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಇರುವ ಸುಮಾರು 15 ಸೆಂಟಿಮೀಟರ್ ಉದ್ದದ ಗ್ರಂಥಿ. ಉಂಡದ್ದನ್ನು, ಅದರಲ್ಲೂ ಕೊಬ್ಬನ್ನು, ಕರಗಿಸುವ ಕಿಣ್ವಗಳು ಹುಟ್ಟುವುದು ಇಲ್ಲಿ. ಇನ್ಸುಲಿನ್ ಹುಟ್ಟುವುದೂ ಇಲ್ಲಿಯೇ. ಉರಿಯೂತ ವರ್ಷಗಟ್ಟಲೆ ಮುಂದುವರಿದರೆ ಗ್ರಂಥಿ ಗಟ್ಟಿಯಾಗುತ್ತ ಹೋಗುತ್ತದೆ, ನಾಳದಲ್ಲಿ ಸುಣ್ಣದ ಕಲ್ಲುಗಳು ಕೂರುತ್ತವೆ. ತೂಕ ಇಳಿಯುತ್ತದೆ, ಮಲದಲ್ಲಿ ಎಣ್ಣೆ ತೇಲುತ್ತದೆ, ಹಲವರಿಗೆ ಸಕ್ಕರೆ ಕಾಯಿಲೆ ಅಂಟಿಕೊಳ್ಳುತ್ತದೆ. ಕುಡಿತವೂ ಹೊಗೆಸೊಪ್ಪೂ ಇದನ್ನು ತರುತ್ತವೆ, ಇದ್ದುದನ್ನು ಬೆಳೆಸುತ್ತವೆ. ಆದರೆ ಕೇರಳದ ವೈದ್ಯ ವಿ. ಬಾಲಕೃಷ್ಣನ್ ಮತ್ತು ಸಂಗಡಿಗರು ದೇಶದ ಬೇರೆಬೇರೆ ಆಸ್ಪತ್ರೆಗಳ 1086 ರೋಗಿಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕುಡಿತ ಕಾರಣವಾದದ್ದು ನೂರರಲ್ಲಿ ಮೂವತ್ತೊಂಬತ್ತು ಮಂದಿಗೆ. ಅರವತ್ತರಷ್ಟು ಮಂದಿಗೆ ಸ್ಪಷ್ಟ ಕಾರಣವೇ ಸಿಗಲಿಲ್ಲ. ಹಿಂದೆ ಮರಗೆಣಸಿನ ಮೇಲೆ ಗುಮಾನಿ ಇತ್ತು; ಈಗ ಸ್ಪಿಂಕ್1 ಎಂಬ ವಂಶವಾಹಿಯಲ್ಲಿನ ವ್ಯತ್ಯಾಸದ ಕಡೆ ವಿಜ್ಞಾನಿಗಳ ಗಮನ ಹೆಚ್ಚು. ಹಾಗಾಗಿ ಮರಿಯಮ್ಮನಹಳ್ಳಿಯ ಆ ಯುವಕ ಅಪರೂಪದವರೇನಲ್ಲ. ನಮ್ಮ ದೇಶದ ಮಟ್ಟಿಗೆ ಅವರಂಥವರೇ ಹೆಚ್ಚು. ಕುಡಿಯದವರನ್ನು ಕುಡುಕರೆಂದು ನೋಡುವ ಕಣ್ಣು ಮೊದಲು ತಿದ್ದಿಕೊಳ್ಳಬೇಕು. ಕುಡಿದವರಿಗೂ ನೋವು ನೋವೇ ಎಂಬುದು ಬೇರೆ ಮಾತು.

ಚಿಕಿತ್ಸೆಗಳಿವೆ. ಊಟದ ಜೊತೆ ನುಂಗುವ ಕಿಣ್ವದ ಕ್ಯಾಪ್ಸೂಲ್, ನೋವಿನ ಮಾತ್ರೆ, ಕಲ್ಲನ್ನು ಹೊರಗಿನಿಂದಲೇ ಅಲೆಗಳ ಹೊಡೆತದಿಂದ ಪುಡಿಮಾಡುವುದು, ಬಾಯಿಂದ ಎಂಡೋಸ್ಕೋಪ್ ಇಳಿಸಿ ನಾಳಕ್ಕೆ ಸ್ಟೆಂಟ್ ಹಾಕುವುದು, ಕೊನೆಗೆ ಶಸ್ತ್ರಚಿಕಿತ್ಸೆ. ಈ ಸೀಮೆಯವರು ಇದಕ್ಕೆಲ್ಲ ಬಳ್ಳಾರಿಯ, ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ, ಬೆಂಗಳೂರಿಗೆ, ಹೈದರಾಬಾದಿಗೆ ಹೋಗುತ್ತಾರೆ. ಬಹಳ ಮಂದಿಗೆ ಇವುಗಳಿಂದ ಗುಣ ಕಾಣುತ್ತದೆ. ಆದರೆ ಕಲ್ಲು ಹೋದಮೇಲೂ ನೋವು ಉಳಿಯುವವರಿದ್ದಾರೆ, ಅದಕ್ಕೆ ದೇಹದೊಳಗೇ ಕಾರಣವಿದೆ. ವರ್ಷಗಟ್ಟಲೆ ಬಂದ ನೋವಿನ ಸಂದೇಶಗಳಿಂದ ಗ್ರಂಥಿಯ ಸುತ್ತಲಿನ ನರಗಳು, ಬೆನ್ನುಹುರಿ, ಮಿದುಳು ಎಲ್ಲವೂ ಅತಿಸೂಕ್ಷ್ಮವಾಗಿಬಿಡುತ್ತವೆ. ಸಣ್ಣ ಚುರುಕು ದೊಡ್ಡ ನೋವಾಗಿ ಕೇಳಿಸುತ್ತದೆ. ಸ್ಕ್ಯಾನಿಂಗಿನಲ್ಲಿ ಇದು ಕಾಣದು.

ಹೊಸಪೇಟೆಯಿಂದ ಐದಾರು ಕಿಲೋಮೀಟರ್ ಹೋದರೆ ತುಂಗಭದ್ರಾ ಅಣೆಕಟ್ಟು. ಅಲ್ಲಿ ನಿಂತು 33 ಗೇಟುಗಳನ್ನು ನೋಡುವಾಗ ನೋವಿನ ವಿಜ್ಞಾನದ ಒಂದು ದೊಡ್ಡ ತಿರುವನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಅನ್ನಿಸಿತು. ಕೆನಡಾದ ರೊನಾಲ್ಡ್ ಮೆಲ್ಜಾಕ್ ಮತ್ತು ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್ 1965ರಲ್ಲಿ ಮುಂದಿಟ್ಟ ಸಿದ್ಧಾಂತದ ಹೆಸರೇ ಗೇಟ್ ಸಿದ್ಧಾಂತ. ಗಾಯ ಎಷ್ಟೋ ನೋವೂ ಅಷ್ಟೇ ಎಂಬ ಹಳೆಯ ಲೆಕ್ಕವನ್ನು ಅವರು ಒಪ್ಪಲಿಲ್ಲ. ಬೆನ್ನುಹುರಿಯಲ್ಲಿ ಗೇಟಿನಂಥ ಏರ್ಪಾಡಿದೆ, ಅದು ಎಷ್ಟು ತೆರೆಯಬೇಕೆಂಬುದನ್ನು ಕೆಳಗಿನಿಂದ ಬರುವ ಸಂದೇಶದ ಜೊತೆಗೆ ಮೇಲಿನಿಂದ, ಮಿದುಳಿನಿಂದ, ಇಳಿದು ಬರುವ ಸಂದೇಶವೂ ತೀರ್ಮಾನಿಸುತ್ತದೆ ಎಂದರು. ಮಲೆನಾಡಿನಲ್ಲಿ ಎಷ್ಟು ಮಳೆಯಾಯಿತು ಎಂಬುದೊಂದರಿಂದಲೇ ಇಲ್ಲಿಂದ ಹೊಳೆಗೆ ಎಷ್ಟು ನೀರು ಬಿಡುತ್ತಾರೆಂದು ಹೇಳಲಾಗದು. ಯಾವ ಗೇಟನ್ನು ಎಷ್ಟು ಅಡಿ ಎತ್ತಬೇಕೆಂದು ತೀರ್ಮಾನಿಸುವವರು ಮೇಲಿದ್ದಾರೆ. ಭಯ, ನಿದ್ದೆಗೇಡು, ಒಂಟಿತನ, ನಾಳೆಯ ಚಿಂತೆ ಗೇಟನ್ನು ಮೇಲೆತ್ತುತ್ತವೆ. ಸಡಿಲಗೊಂಡ ಸ್ನಾಯು, ಒಳ್ಳೆಯ ನಿದ್ದೆ, ಮನಸ್ಸು ತೊಡಗಿದ ಕೆಲಸ, ಪಕ್ಕದಲ್ಲಿ ನಂಬುವವರ ಇರುವಿಕೆ ಅದನ್ನು ಇಳಿಸುತ್ತವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಈ ಊರು ಪಟ್ಟ ಆತಂಕ ನೆನೆದರೆ, ಗೇಟು ಹತೋಟಿ ತಪ್ಪುವುದೆಂದರೆ ಏನೆಂದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಸಿಬಿಟಿ ಕೆಲಸ ಮಾಡುವುದು ಮೇಲಿನಿಂದ ಇಳಿಯುವ ಆ ಸಂದೇಶಗಳ ಮೇಲೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಗೆಂದು ರೂಪಿಸಿದ ಚಿಕಿತ್ಸೆಯಿದು. ಮುಂದೆ ದೀರ್ಘಕಾಲದ ನೋವಿಗೂ ಹೊಂದಿಸಲಾಯಿತು. ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಭೇಟಿ, ಒಂದೊಂದೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಸುಮ್ಮನೆ ಸಮಾಧಾನ ಹೇಳಿ ಕಳಿಸುವುದಿಲ್ಲ. ಮನೆಗೆ ಹೋಗಿ ಮಾಡಬೇಕಾದ ಅಭ್ಯಾಸ ಪ್ರತಿಸಲವೂ ಇರುತ್ತದೆ. ಇದರಿಂದ ಎಷ್ಟು ಗುಣವಿದೆ ಎಂಬುದನ್ನು ಉಬ್ಬಿಸಿ ಹೇಳಬಾರದು. 2020ರ ಕೋಕ್ರೇನ್ ವಿಮರ್ಶೆ 75 ಅಧ್ಯಯನಗಳ 9401 ಮಂದಿಯ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿತು. ಬಗೆಬಗೆಯ ದೀರ್ಘಕಾಲದ ನೋವಿನಲ್ಲಿ ಸಿಬಿಟಿಯಿಂದ ನೋವು, ಅಸಮರ್ಥತೆ, ಮನಸ್ಸಿನ ಸಂಕಟ ಮೂರೂ ಸಣ್ಣ ಪ್ರಮಾಣದಲ್ಲಿ ಇಳಿಯುತ್ತವೆ ಎಂದಿತು. ಮೇದೋಜೀರಕದ ನೋವಿಗೇ ಮೀಸಲಾದ ಪ್ರಯೋಗಗಳು ಈಚೆಗಷ್ಟೇ ಶುರುವಾಗಿವೆ. ಸಿಯಾಟಲ್‌ನ ಮನೋವಿಜ್ಞಾನಿ ಟೋನ್ಯಾ ಪಲೆರ್ಮೊ ಮತ್ತು ಸಂಗಡಿಗರು 30 ವಯಸ್ಕ ರೋಗಿಗಳಿಗೆ ಅಂತರ್ಜಾಲದ ಮೂಲಕ ಪಾಠ ಕಲಿಸಿ ನೋಡಿದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಸಣ್ಣ ಪ್ರಯೋಗ, ಆದರೆ ಭರವಸೆ ಹುಟ್ಟಿಸುವಂಥದ್ದು. ಸಣ್ಣ ಪ್ರಮಾಣದ ಇಳಿತ ಎಂದರೆ ಏನು? ವಾರದಲ್ಲಿ ಎರಡು ರಾತ್ರಿ ಹೆಚ್ಚು ನಿದ್ದೆ, ಮಗಳ ಶಾಲೆಯವರೆಗೆ ನಡೆದುಹೋಗುವ ಧೈರ್ಯ. ನೋವಿನಲ್ಲಿರುವವರು ಇದನ್ನು ಸಣ್ಣದೆನ್ನುವುದಿಲ್ಲ.

ಈಗ ಈ ನೆಲದ ಹಕ್ಕಿನ ವಿಚಾರ. ಮನಸ್ಸಿನ ಕಾಯಿಲೆಗೆ ದೊಡ್ಡ ನಗರದ ದೊಡ್ಡ ಆಸ್ಪತ್ರೆಯೇ ಗತಿ ಎನ್ನುವ ಕಾಲದಲ್ಲಿ ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದ ನಡುವಿನಲ್ಲಿ ಹತ್ತಿರದ ಸಕಲವಾರ ಹಳ್ಳಿಯಲ್ಲಿ ಗ್ರಾಮೀಣ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ಈ ಕೆಲಸ ಕಲಿಯಬಲ್ಲರು ಎಂದು ತೋರಿಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಇಡೀ ಒಂದು ಜಿಲ್ಲೆಯಲ್ಲಿ ನಡೆಸಬಹುದೇ ಎಂದು ಪರೀಕ್ಷಿಸಲು 1985ರಲ್ಲಿ ಆರಿಸಿಕೊಂಡದ್ದು ಬಳ್ಳಾರಿಯನ್ನು. ಅಂದು ಸುಮಾರು 15 ಲಕ್ಷ ಜನಸಂಖ್ಯೆಯ ಜಿಲ್ಲೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ನಾಲ್ಕೂ ಆಗ ಅದರೊಳಗಿದ್ದವು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ ಮತ್ತು ಹಂಪಿ ಅತ್ತ ಹೋದವು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಮೋಹನ್ ಐಸಾಕ್, ಸಿ.ಆರ್. ಚಂದ್ರಶೇಖರ್, ಆರ್. ಶ್ರೀನಿವಾಸಮೂರ್ತಿ ಸೇರಿ ವೈದ್ಯಾಧಿಕಾರಿಗಳಿಗಾಗಿ ಕೈಪಿಡಿ ಬರೆದರು. ಮನೋವೈದ್ಯರಲ್ಲದ ಹಳ್ಳಿಯ ವೈದ್ಯರು ತರಬೇತಿ ಪಡೆದು ರೋಗಿಗಳನ್ನು ಊರಿನಲ್ಲೇ ನೋಡತೊಡಗಿದರು. ಆ ಅನುಭವವೇ 'ಬಳ್ಳಾರಿ ಮಾದರಿ' ಎಂದು ಹೆಸರಾಗಿ, 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಿಂದ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಇಂದು ಭಾರತದ ಯಾವ ಜಿಲ್ಲೆಯಲ್ಲಿ ಮನೋವೈದ್ಯರ ತಂಡವಿದ್ದರೂ ಅದರ ಮೂಲ ಈ ಸೀಮೆಯ ಆರೋಗ್ಯ ಕೇಂದ್ರಗಳಲ್ಲಿದೆ. ಹಂಪಿಯ ಕಲ್ಲಿನ ರಥವನ್ನು ನೋಟಿನ ಮೇಲೆ ಅಚ್ಚು ಹಾಕಿ ಹೆಮ್ಮೆಪಡುವ ನಾವು ಇದನ್ನು ಮಕ್ಕಳಿಗೆ ಹೇಳಿಕೊಟ್ಟಿಲ್ಲ. ಹೇಳಿಕೊಡಬೇಕು.

ಆ ಮಾದರಿಯ ಗಮನ ತೀವ್ರ ಮನೋರೋಗ, ಮೂರ್ಛೆರೋಗ, ಖಿನ್ನತೆಯಂಥವುಗಳ ಮೇಲಿತ್ತು. ದೀರ್ಘಕಾಲದ ದೈಹಿಕ ನೋವು ಅದರ ಪಟ್ಟಿಯ ನಡುವಿಗೆ ಬರಲಿಲ್ಲ. ಈಗ ಜಿಲ್ಲಾ ತಂಡದಲ್ಲಿ ಮನೋವೈದ್ಯರ ಜೊತೆ ಕ್ಲಿನಿಕಲ್ ಸೈಕಾಲಜಿಸ್ಟ್, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ದಾದಿಯರ ಹುದ್ದೆಗಳಿವೆ. ಮನೋಚೈತನ್ಯ ಎಂಬ ರಾಜ್ಯದ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡೂ ಇದೆ. ಚೌಕಟ್ಟು ಸಿದ್ಧವಿದೆ. ಹೊಟ್ಟೆ ಹಿಡಿದು ಕೂತವರನ್ನು ಆ ಕೋಣೆಯವರೆಗೆ ಕರೆದೊಯ್ಯುವವರು ಬೇಕು.

ಸಂಡೂರಿನ ದಾರಿ ಹಿಡಿದೆ. ಬೆಟ್ಟ ಹತ್ತಿರವಾದಂತೆ ರಸ್ತೆಯ ಅಂಚು, ಬೇಲಿಯ ಗಿಡ, ಅಂಗಡಿಯ ತಗಡು ಎಲ್ಲಕ್ಕೂ ಅದಿರಿನ ಕೆಂಪು ಅಂಟಿಕೊಳ್ಳುತ್ತದೆ. ಮಳೆ ಬಿದ್ದ ವಾರದಲ್ಲಿ ಈ ಕಣಿವೆಯ ಹಸಿರು ಕಣ್ಣು ತುಂಬುವಷ್ಟಿರುತ್ತದೆ. ದೋಣಿಮಲೈ ಕಡೆಯಿಂದ ಬರುವ ಲಾರಿಗಳು ನಿಲ್ಲುವ ಚಹಾದಂಗಡಿಯಲ್ಲಿ ಟಿಪ್ಪರ್ ಓಡಿಸುವ ನಡುವಯಸ್ಸಿನ ಒಬ್ಬರು ಮಾತಿಗೆ ಸಿಕ್ಕರು. ಅದಿರಿಗೆ ಚಿನ್ನದ ಬೆಲೆ ಬಂದಿದ್ದ ಕಾಲದಲ್ಲಿ ಹಗಲು ರಾತ್ರಿ ಗಾಡಿ ಓಡಿಸಿದವರು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಗಾಡಿಯೂ ನಿಂತಿತು, ಸಾಲ ನಿಲ್ಲಲಿಲ್ಲ. "ನಿದ್ದೆಗೆಡಾಕೆ ಒಂದಿಷ್ಟು, ನಿದ್ದೆ ಮಾಡಾಕೆ ಒಂದಿಷ್ಟು ಕುಡೀತಿದ್ದೆ ಅಣ್ಣಾ," ಎಂದರು. ಸಾರಾಯಿ ಪ್ಯಾಕೆಟ್ 2007ರ ಜುಲೈನಿಂದ ರಾಜ್ಯದಲ್ಲಿ ನಿಂತಿದ್ದರೂ ಅಗ್ಗದ ಬಾಟಲಿ ಅದರ ಜಾಗಕ್ಕೆ ಬಂದಿತ್ತು. ಈಗ ಬಿಟ್ಟಿದ್ದಾರೆ. ಮೇದೋಜೀರಕ ಕೆಟ್ಟಿದೆ ಎಂದು ವೈದ್ಯರು ಹೇಳಿದ ಮೇಲೆ ಬಿಟ್ಟರು. ನೋವು ಎದ್ದ ರಾತ್ರಿ ಕೈ ಮತ್ತೆ ಅತ್ತಲೇ ಹೋಗುತ್ತದೆ ಎನ್ನುತ್ತಾರೆ. ನೋವಿಗೆ ಕುಡಿತ, ಕುಡಿತಕ್ಕೆ ನೋವು.

ನೋವು ಎದ್ದಾಗ ಮೊದಲು ತಲೆಗೆ ಏನು ಬರುತ್ತದೆ ಎಂದು ಕೇಳಿದೆ. ತಡವರಿಸದೆ ಹೇಳಿದರು: "ಇದು ಕ್ಯಾನ್ಸರೇ ಆಗೈತೆ ಅಂತ. ಇನ್ ಗಾಡಿ ಹತ್ತಾಕಾಗಲ್ಲ. ಕಂತು ಕಟ್ಟಲಿಲ್ಲ ಅಂದ್ರೆ ಗಾಡಿ ಎಳಕೊಂಡು ಹೋಗ್ತಾರೆ. ಹುಡುಗಿ ಮದುವೆ ನಿಲ್ತೈತೆ." ಹೊಟ್ಟೆಯಲ್ಲಿ ನೋವು ಎದ್ದ ಅರೆನಿಮಿಷದಲ್ಲಿ ಮನಸ್ಸು ಮಗಳ ಮದುವೆಯ ತನಕ ಓಡಿರುತ್ತದೆ. ಸಿಬಿಟಿಯ ಒಂದು ಮುಖ್ಯ ಪಾಠ ಇಲ್ಲೇ ಶುರುವಾಗುತ್ತದೆ. ಚಿಕಿತ್ಸಕರು ಆ ಯೋಚನೆಗಳನ್ನು ಒಂದೊಂದಾಗಿ ಕಾಗದದ ಮೇಲೆ ಬರೆಯಲು ಹೇಳುತ್ತಾರೆ. ಓದು ಬಾರದವರ ಜೊತೆ ಕೂತು ತಾವೇ ಬರೆದುಕೊಳ್ಳುತ್ತಾರೆ. ಆಮೇಲೆ ಪ್ರತಿಯೊಂದಕ್ಕೂ ಕೇಳುತ್ತಾರೆ: ಇದಕ್ಕೆ ಆಧಾರ ಏನಿದೆ? ಹಿಂದಿನ ಸಲ ನೋವು ಎದ್ದಾಗ ಇದೇ ಯೋಚನೆ ಬಂದಿತ್ತೇ, ಆಮೇಲೆ ಏನಾಯಿತು? ಇಲ್ಲಿ ಸುಳ್ಳು ಸಮಾಧಾನಕ್ಕೆ ಜಾಗವಿಲ್ಲ. ದೀರ್ಘಕಾಲದ ಮೇದೋಜೀರಕ ಉರಿಯೂತ ಇರುವವರಲ್ಲಿ ಕ್ಯಾನ್ಸರಿನ ಸಾಧ್ಯತೆ ಉಳಿದವರಿಗಿಂತ ಹೆಚ್ಚು ಎಂಬುದು ನಿಜ. ಆ ಭಯ ಆಧಾರವಿಲ್ಲದ್ದೆಂದು ತಳ್ಳಿಹಾಕುವಂತಿಲ್ಲ. ಆದರೆ ಇಂದು ರಾತ್ರಿ ಎದ್ದ ನೋವು ಕ್ಯಾನ್ಸರಿನದೇ ಎಂಬ ಖಚಿತತೆ ಬೇರೆ, ವರ್ಷಕ್ಕೊಮ್ಮೆ ವೈದ್ಯರ ಹತ್ತಿರ ಹೋಗಿ ತೋರಿಸಿಕೊಳ್ಳುವ ಎಚ್ಚರ ಬೇರೆ. ಮೊದಲನೆಯದು ಗೇಟನ್ನು ಎತ್ತುತ್ತದೆ, ಎರಡನೆಯದು ಜೀವ ಕಾಯುತ್ತದೆ. ಈ ವ್ಯತ್ಯಾಸ ಅವರ ಅನುಭವದಿಂದಲೇ ಅವರಿಗೆ ಕಾಣಬೇಕು. ಅದಕ್ಕೇ ಪ್ರಶ್ನೆಗಳು.

ಕುಡಿತದ ಕೊಂಡಿ ಬಿಡಿಸಲು ದೊಡ್ಡ ಪದವಿಯವರೇ ಬೇಕೆಂದಿಲ್ಲ ಎಂಬುದಕ್ಕೆ ಪಕ್ಕದ ಗೋವಾ ಸಾಕ್ಷಿ. ಅಲ್ಲಿನ ಸಂಗಾತ್ ಸಂಸ್ಥೆಯ ಅಭಿಜಿತ್ ನಾಡಕರ್ಣಿ, ವಿಕ್ರಮ್ ಪಟೇಲ್ ಮೊದಲಾದವರು ಮನೋವಿಜ್ಞಾನ ಓದದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕುಡಿತದ ಸಮಸ್ಯೆಯ ಗಂಡಸರೊಂದಿಗೂ ಖಿನ್ನತೆಯವರೊಂದಿಗೂ ಕೆಲವೇ ಭೇಟಿಗಳ ಆಪ್ತಸಮಾಲೋಚನೆ ನಡೆಸಿ ನೋಡಿದರು. ಅದರಿಂದ ಪ್ರಯೋಜನವಾಯಿತೆಂಬ ವರದಿಗಳು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದವು. ಖಿನ್ನತೆಗೆ ಅವರು ಬಳಸಿದ ಕ್ರಮ ಸಿಬಿಟಿಯ ಕುಟುಂಬದ್ದೇ. ಸಂಡೂರಿನ ಹಳ್ಳಿಗಳಲ್ಲಿ, ಲಂಬಾಣಿ ತಾಂಡಾಗಳಲ್ಲಿ ಇದೇ ಕೆಲಸವನ್ನು ಅವರವರ ಮಾತು ಬಲ್ಲ ಹೆಣ್ಣುಮಕ್ಕಳು ಮಾಡಬಲ್ಲರು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಸಂಡೂರಿನ ಲಂಬಾಣಿ ಕಸೂತಿಯನ್ನು ಗಂಟೆಗಟ್ಟಲೆ ತಾಳ್ಮೆಯಿಂದ ಹೊಲಿಯುವ ಹೆಂಗಸರು ಗುಂಪಾಗಿ ಕೂತು ಮನೆಯ ಕಷ್ಟಸುಖ ಮಾತಾಡುವುದನ್ನು ನೋಡಿದರೆ, ಮಾತಿನ ಆರೈಕೆಗೆ ಬೇಕಾದ ನೆಲ ಇಲ್ಲಿ ಮೊದಲೇ ಇದೆ ಎನ್ನಿಸುತ್ತದೆ.

ಹಂಪಿಯಲ್ಲಿ ನನಗೆ ಬೇಕಾಗಿದ್ದುದು ನಡಿಗೆ. ವಿರೂಪಾಕ್ಷನ ಗೋಪುರದಿಂದ ಎದುರು ಬಸವಣ್ಣನವರೆಗೆ ರಥಬೀದಿ ನೇರವಾಗಿ ಚಾಚಿದೆ. ಅಲ್ಲಿಂದ ಬಲಕ್ಕೆ ಮಾತಂಗ ಪರ್ವತದ ಮೆಟ್ಟಿಲುಗಳು, ಎಡಕ್ಕೆ ಹೊಳೆಯ ದಂಡೆ ಹಿಡಿದು ವಿಠ್ಠಲ ದೇವಾಲಯದ ದಾರಿ. ಬಿಸಿಲೇರಿದ ಮೇಲೆ ಈ ಕಲ್ಲುಗಳ ನಡುವೆ ನಡೆಯುವುದು ಆರೋಗ್ಯವಂತರಿಗೂ ಸುಲಭವಲ್ಲ. ಹೊರಗಿನಿಂದ ಬಂದವರು ಒಂದೇ ಉಸಿರಿಗೆ ಎಲ್ಲ ನೋಡಿ ಮುಗಿಸಲು ಹೊರಟು ಮಧ್ಯಾಹ್ನಕ್ಕೆ ಕುಸಿದು ಕೂರುತ್ತಾರೆ. ಇಲ್ಲಿನ ಹಳೆಯ ಗೈಡ್‌ಗಳು ಹಾಗೆ ಮಾಡುವುದಿಲ್ಲ. ಒಂದು ಮಂಟಪದಿಂದ ಇನ್ನೊಂದಕ್ಕೆ, ನೆರಳಿನಿಂದ ನೆರಳಿಗೆ. ದಣಿವಾಗುವ ಮೊದಲೇ ಕೂರುತ್ತಾರೆ, ಕೂತಲ್ಲಿ ಕಥೆ ಹೇಳುತ್ತಾರೆ.

ನೋವಿನ ಚಿಕಿತ್ಸೆಯಲ್ಲಿ ಇದೇ ಒಂದು ಅಧ್ಯಾಯ. ನೋವು ಕಡಿಮೆಯಿದ್ದ ದಿನ ಬಾಕಿ ಉಳಿದ ಕೆಲಸವನ್ನೆಲ್ಲ ಮೈಮೇಲೆ ಎಳೆದುಕೊಂಡು, ಮರುದಿನದಿಂದ ಮೂರು ದಿನ ಹಾಸಿಗೆ ಹಿಡಿಯುವುದು ಬಹುತೇಕ ರೋಗಿಗಳ ಪಾಡು. ಕೆಲವು ಸಲ ಹೀಗಾದ ಮೇಲೆ ಕೆಲಸ ಎಂದರೇ ಭಯ. ಅಲುಗದೆ ಮಲಗುತ್ತಾರೆ, ಸ್ನಾಯು ಸೊರಗುತ್ತದೆ, ಜನರ ಒಡನಾಟ ತಪ್ಪುತ್ತದೆ, ನೋವಲ್ಲದೆ ಬೇರೆ ಯೋಚನೆಗೆ ಜಾಗವೇ ಇರುವುದಿಲ್ಲ. ಇದನ್ನು ಒಡೆಯಲು ಚಿಕಿತ್ಸಕರು ಗಡಿಯಾರವನ್ನು ಕೈಗೆ ಕೊಡುತ್ತಾರೆ. ಕೆಟ್ಟ ದಿನದಲ್ಲೂ ಮಾಡಬಲ್ಲಷ್ಟು ನಡಿಗೆ ಎಷ್ಟು? ಹತ್ತು ನಿಮಿಷವೇ? ಹಾಗಾದರೆ ಒಳ್ಳೆಯ ದಿನವೂ ಹತ್ತೇ ನಿಮಿಷ, ಆಮೇಲೆ ಕೂರಬೇಕು. ವಾರ ಕಳೆದ ಮೇಲೆ ಹನ್ನೊಂದು. ಯಾವಾಗ ನಿಲ್ಲಬೇಕೆಂದು ನೋವು ಹೇಳಬಾರದು, ಮೊದಲೇ ಮಾಡಿಕೊಂಡ ಲೆಕ್ಕ ಹೇಳಬೇಕು. ಕೇಳಲು ತೀರ ಸರಳ. ಆದರೆ ದಿನಗೂಲಿಯವರಿಗೆ, ಗುತ್ತಿಗೆ ನಾಟಿಗೆ ಹೋಗುವ ಹೆಂಗಸರಿಗೆ, ಹತ್ತು ನಿಮಿಷಕ್ಕೊಮ್ಮೆ ಕೂರಲು ಬಿಡುವವರು ಯಾರು? ಈ ಪ್ರಶ್ನೆಗೆ ಪುಸ್ತಕದ ಸಿಬಿಟಿಯಲ್ಲಿ ಉತ್ತರವಿಲ್ಲ. ಮನೆಯವರನ್ನು, ಕೆಲವು ಸಲ ಮೇಸ್ತ್ರಿಯನ್ನೂ ಕೂಡಿಸಿಕೊಂಡು ಮಾತಾಡುವ ಸಮಾಜ ಕಾರ್ಯಕರ್ತರು ಇಲ್ಲದೆ ಈ ಚಿಕಿತ್ಸೆ ನಮ್ಮಲ್ಲಿ ಅರ್ಧವೇ ಆದೀತು.

ಹೇಮಕೂಟದ ಬಂಡೆಯ ಮೇಲೆ ಕೂತು ಉಸಿರಾಟದ ಅಭ್ಯಾಸ ನೆನೆದೆ. ಹೊಟ್ಟೆ ಉಬ್ಬುವಂತೆ ನಿಧಾನ ಒಳಗೆಳೆದು, ಅದಕ್ಕಿಂತ ನಿಧಾನವಾಗಿ ಬಿಡುವುದು. ಪಾದದಿಂದ ನೆತ್ತಿಯವರೆಗೆ ಒಂದೊಂದೇ ಸ್ನಾಯುವನ್ನು ಬಿಗಿಹಿಡಿದು ಸಡಿಲಿಸುವುದು. ನೋವಿನವರ ಹೊಟ್ಟೆ, ಭುಜ, ದವಡೆ ಸದಾ ಬಿಗಿದಿರುತ್ತವೆ, ಅದು ಅವರ ಅರಿವಿಗೇ ಬಂದಿರುವುದಿಲ್ಲ. ವಿರೂಪಾಕ್ಷನಿಗೆ ಹರಕೆ ಹೊತ್ತು ಬರುವವರು ಸಾಲಿನಲ್ಲಿ ನಿಂತಾಗ ಅವರ ಮುಖ ಸಡಿಲಾಗುವುದನ್ನು ಗಮನಿಸಿ. ಒಳ್ಳೆಯ ಚಿಕಿತ್ಸಕರು ಆ ನಂಬಿಕೆಯ ಜೊತೆ ಜಗಳಕ್ಕಿಳಿಯುವುದಿಲ್ಲ. ದಿನವೂ ಮಾಡುವ ಪೂಜೆಯ ಹೊತ್ತನ್ನೇ ಈ ಅಭ್ಯಾಸದ ಹೊತ್ತಾಗಿ ಮಾಡಿಕೊಳ್ಳಿ ಎನ್ನುತ್ತಾರೆ. ಆದರೆ ದೇವರ ಹೆಸರಿನಲ್ಲಿ ಕಿಣ್ವದ ಕ್ಯಾಪ್ಸೂಲ್ ನಿಲ್ಲಿಸುವುದನ್ನು ಒಪ್ಪಬಾರದು, ಒಪ್ಪುವುದೂ ಇಲ್ಲ.

ಊಟದ ಭಯ ಇನ್ನೊಂದು. ಕಮಲಾಪುರದ ಹೋಟೆಲಿನಲ್ಲಿ ಒಗ್ಗರಣೆ-ಮಿರ್ಚಿಯ ತಟ್ಟೆಗಳು ಮೇಜಿನಿಂದ ಮೇಜಿಗೆ ಹೋಗುತ್ತಿದ್ದಾಗ ಮರಿಯಮ್ಮನಹಳ್ಳಿಯ ಯುವಕ ಹೇಳಿದ್ದು ನೆನಪಾಯಿತು: ಮದುವೆ ಮನೆಗೆ ಹೋಗುವುದನ್ನೇ ಬಿಟ್ಟಿದ್ದಾರೆ, ಉಣ್ಣದೆ ಎದ್ದರೆ ಬೀಗರು ಬೇಸರ ಮಾಡಿಕೊಳ್ಳುತ್ತಾರೆ, ಉಂಡರೆ ರಾತ್ರಿ ನರಳಬೇಕು. ಉಂಡ ಮೇಲೆ ನೋವು ಬರುವುದರಿಂದ ಉಣ್ಣುವುದೇ ತಪ್ಪೆಂಬಂತೆ ಆಗಿಬಿಡುತ್ತದೆ, ಮೊದಲೇ ಇಳಿದ ತೂಕ ಇನ್ನೂ ಇಳಿಯುತ್ತದೆ. ಕರಿದ ಮಿರ್ಚಿ ಬೇಡ, ಸರಿ. ಹಾಗೆಂದು ಗಂಜಿಯೊಂದೇ ಗತಿಯೂ ಅಲ್ಲ. ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಉಣ್ಣುವುದು, ಕ್ಯಾಪ್ಸೂಲನ್ನು ಊಟ ಮುಗಿದ ಮೇಲೆ ಅಲ್ಲ, ತುತ್ತಿನ ಜೊತೆಗೇ ತೆಗೆದುಕೊಳ್ಳುವುದು ತಿಳಿದರೆ ಅನೇಕರಿಗೆ ಊಟ ಮತ್ತೆ ದಕ್ಕುತ್ತದೆ. ಯಾವ ಪದಾರ್ಥಕ್ಕೆ ನಿಜವಾಗಿ ನೋವು ಬಂತು, ಯಾವುದಕ್ಕೆ ಬರೀ ಭಯವಾಯಿತು ಎಂದು ಎರಡು ವಾರ ಬರೆದಿಟ್ಟರೆ ಬಿಟ್ಟ ಪದಾರ್ಥಗಳಲ್ಲಿ ಕೆಲವು ತಟ್ಟೆಗೆ ಮರಳುತ್ತವೆ.

ಕಂಪ್ಲಿಗೆ ಬಂದಾಗ ಗದ್ದೆಗಳಲ್ಲಿ ನೀರು ನಿಂತಿತ್ತು. ತುಂಗಭದ್ರೆಯ ಕಾಲುವೆಗಳು ಉಣಿಸುವ ಭತ್ತದ ಸೀಮೆಯಿದು. ಕಂಪಿಲರಾಯ, ಕುಮಾರರಾಮರ ಹೆಸರು ಇಂದಿಗೂ ಜನರ ಬಾಯಲ್ಲಿರುವ ಊರು. ಇಲ್ಲಿ ಕೇಳಿದ ಮಾತುಗಳಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಇಂಜೆಕ್ಷನ್‌ನದು. ನೋವು ಎದ್ದ ರಾತ್ರಿ ಹತ್ತಿರ ಸಿಗುವವರು ಸೂಜಿ ಚುಚ್ಚುತ್ತಾರೆ, ಅರ್ಧ ಗಂಟೆಯಲ್ಲಿ ಸ್ವರ್ಗ. ತಿಂಗಳಿಗೊಮ್ಮೆ ಇದ್ದದ್ದು ವಾರಕ್ಕೊಮ್ಮೆ, ಆಮೇಲೆ ದಿನವೂ. ಪೆಂಟಾಜೋಸಿನ್, ಟ್ರಮಡಾಲ್‌ನಂಥ ಔಷಧಗಳಿಗೆ ಮೇದೋಜೀರಕದ ರೋಗಿಗಳು ಅಂಟಿಕೊಳ್ಳುವುದು ವೈದ್ಯಲೋಕಕ್ಕೆ ತಿಳಿದ ಸಂಗತಿ. ಟ್ರಮಡಾಲ್ ಅನ್ನು 2018ರಲ್ಲಿ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ತಂದರು. ಅಂಕುಶ ಬೇಕಿತ್ತು. ಆದರೆ ಸೂಜಿ ಕಿತ್ತುಕೊಂಡು ಬದಲಿಗೆ ಏನೂ ಕೊಡದಿದ್ದರೆ ನೋವಿನವರು ಎಲ್ಲಿಗೆ ಹೋಗಬೇಕು? ನೋವು ಎದ್ದಾಗ ಏನು ಮಾಡಬೇಕೆಂಬ ಯೋಜನೆಯನ್ನು ನೋವಿಲ್ಲದ ಹಗಲಿನಲ್ಲೇ ಬರೆದಿಡುವುದು ಸಿಬಿಟಿಯ ಕೊನೆಯ ಪಾಠಗಳಲ್ಲೊಂದು. ಮೊದಲು ವೈದ್ಯರು ಬರೆದುಕೊಟ್ಟ ಮಾತ್ರೆ, ಆಮೇಲೆ ಬಾಗಿ ಕೂರುವ ಭಂಗಿ ಮತ್ತು ಬಿಸಿನೀರಿನ ಚೀಲ, ಆಮೇಲೆ ಉಸಿರಾಟ, ಆಮೇಲೆ ಯಾರಿಗೆ ಫೋನ್ ಮಾಡಬೇಕು. ಅದೇ ಹಾಳೆಯ ಕೆಳಗೆ ಕೆಂಪು ಶಾಯಿಯಲ್ಲಿ: ನಿಲ್ಲದ ವಾಂತಿ, ಜ್ವರ, ಕಣ್ಣು ಹಳದಿಯಾಗುವುದು, ರಕ್ತ ವಾಂತಿ, ಹಿಂದೆಂದೂ ಕಾಣದಷ್ಟು ಜೋರಾದ ನೋವು ಬಂದರೆ ಅಭ್ಯಾಸ ಗಿಭ್ಯಾಸ ಬಿಟ್ಟು ನೇರ ಆಸ್ಪತ್ರೆಗೆ.

ಹೊಳೆ ತುಂಬಿದಾಗ ಕಂಪ್ಲಿ-ಗಂಗಾವತಿ ಸೇತುವೆ ನೀರಿನಡಿ ಹೋಗುತ್ತದೆ, ಆ ದಡದವರು ಆಚೆಯೇ ಉಳಿಯುತ್ತಾರೆ. ಸೇತುವೆ ಇದ್ದಾಗಲೂ ಹನ್ನೆರಡು ಸಲ ಬಸ್ಸು ಹತ್ತಿ ಬಳ್ಳಾರಿಗೆ ಹೋಗಿಬರುವಷ್ಟು ಕೂಲಿ ಕಳೆದುಕೊಳ್ಳಲು ಯಾರಿಂದಾದೀತು? ಇಂಥಲ್ಲಿ ಫೋನು ನಿಜವಾದ ದಾರಿ. ನಿಮ್ಹಾನ್ಸ್ ಮುಂದಾಳತ್ವದ ಟೆಲಿ-ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. 14416ಕ್ಕೆ ಹಗಲಿರುಳು ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮೇದೋಜೀರಕದ ನೋವಿಗೇ ಮೀಸಲಾದ ಸೇವೆಯಲ್ಲ ಅದು. ಆದರೆ ನೋವಿನಿಂದ ನಿದ್ದೆಗೆಟ್ಟವರ, ಬದುಕೇ ಬೇಡವೆನ್ನಿಸಿದವರ ಮಾತು ಕೇಳುತ್ತಾರೆ, ಬೇಕಾದರೆ ಜಿಲ್ಲೆಯ ತಂಡಕ್ಕೆ ದಾಟಿಸುತ್ತಾರೆ. ಕಂಪ್ಲಿಯ ಭತ್ತದ ಗದ್ದೆಯ ಬದುವಿನಲ್ಲಿ ಮಾತಾಡಿಸಿದ ರೈತರೊಬ್ಬರು ಆ ಸಂಖ್ಯೆ ಬರೆದುಕೊಂಡು, "ಹುಚ್ಚರಿಗೆ ಇರೋದಲ್ಲ ತಾನೇ?" ಎಂದು ಕೇಳಿದರು. ಅಲ್ಲ ಎಂದೆ. "ಹೊಟ್ಟೆನೋವು ಅಂತ ಹೇಳಿದ್ರೆ ಇಟ್ಟುಬಿಡಲ್ಲ ತಾನೇ?" ಇಡುವುದಿಲ್ಲ, ಹೊಟ್ಟೆನೋವಿನಿಂದ ನಿದ್ದೆ ಬರ್ತಿಲ್ಲ, ಭಯ ಆಗ್ತದೆ ಎಂದೇ ಮಾತು ಶುರುಮಾಡಿ ಎಂದು ಹೇಳಿದೆ.

ದೊಡ್ಡ ಕಟ್ಟಡವೇನೂ ಕೇಳುತ್ತಿಲ್ಲ. 1985ರಲ್ಲಿ ಹಳ್ಳಿಯ ವೈದ್ಯರಿಗೆ ಕೈಪಿಡಿ ಬರೆದುಕೊಟ್ಟಂತೆ ದೀರ್ಘಕಾಲದ ನೋವಿನ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ, ಅದರ ಜೊತೆ ನೋವಿನ ದಿನಚರಿಯ ನಾಲ್ಕು ಹಾಳೆ. ಕಲ್ಲು ತೆಗೆಸಿಕೊಂಡು ಮನೆಗೆ ಹೊರಟವರ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಕೆಳಗೆ ಇನ್ನೊಂದು ಸಾಲು: ನೋವು ಮೂರು ತಿಂಗಳು ಮೀರಿ ಉಳಿದರೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋವೈದ್ಯರ ತಂಡವನ್ನು ಕಾಣಿ. ಮತ್ತು ಆ ಸಾಲನ್ನು ಬರೆಯುವ ವೈದ್ಯರು, ನಿಮ್ಮ ನೋವು ನಿಜವಾದದ್ದು, ಅದಕ್ಕೇ ಅಲ್ಲಿಗೆ ಕಳಿಸುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಬೇಕು.